ಡೇಟಾ ತಿಂದವರು ಅತ್ತೆ ಅಲ್ಲ

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಮೇನ್ ರೋಡಿನಿಂದ ಎರಡು ಕಿಲೋಮೀಟರ್ ಒಳಗಿರುವ ತೋಟದ ಮನೆ. ನಾಲ್ಕು ಫೋನ್ ಇವೆ. ಎಲ್ಲದಕ್ಕೂ ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್. ಅತ್ತೆಗೆ ಏಳೆಂಟು ವಾಟ್ಸಾಪ್ ಗ್ರೂಪು, ಬೆಳಿಗ್ಗೆ ಎದ್ದರೆ ಗುಡ್‌ಮಾರ್ನಿಂಗ್ ಫೋಟೋ ಕಳಿಸುವುದೇ ಕೆಲಸ. ಮಾವನವರು ರಾತ್ರಿ ಯೂಟ್ಯೂಬಿನಲ್ಲಿ ಯಕ್ಷಗಾನ, ತಾಳಮದ್ದಳೆ ಹಾಕಿಕೊಳ್ಳುತ್ತಾರೆ. ಮಗಳಿಗೆ ರೀಲ್ಸ್. ನನಗೆ ಸಂಘದ ಗ್ರೂಪು, ಅಡಿಕೆ ರೇಟು ಬಿಟ್ಟರೆ ಬೇರೆ ಇಲ್ಲ. ಯಾರದಾದರೂ ಡೇಟಾ ಮುಗಿದರೆ ನನ್ನ ಫೋನಿನಿಂದ ಹಾಟ್‌ಸ್ಪಾಟ್ ಕೊಡುತ್ತೇನೆ. ಆದರೂ ಮಧ್ಯಾಹ್ನದೊಳಗೆ ನನ್ನದೇ ಖಾಲಿ! ರೇಂಜ್ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಕಾಲ್ ಮಾಡಬೇಕಾದರೆ ದಣಪೆ (ಬೇಲಿಯ ಗೇಟು) ತನಕ ಹೋಗಬೇಕು. ಮಳೆ ಹಿಡಿದರೆ ಅದೂ ಇಲ್ಲ. ಬೂಸ್ಟರ್ ತಗೊಳ್ಳೋದಾ, ಸಿಮ್ ಬದಲಿಸೋದಾ, ವೈಫೈ ಹಾಕಿಸೋದಾ?

ಉತ್ತರ: ನಿಮ್ಮ ಪತ್ರದಲ್ಲಿ ಅತ್ತೆಯವರ ಗುಡ್‌ಮಾರ್ನಿಂಗ್ ಬಂದ ರೀತಿ ನೋಡಿದರೆ ಅನುಮಾನ ಅವರ ಮೇಲೇ ಇದ್ದ ಹಾಗಿದೆ. ಅವರನ್ನು ಮೊದಲು ಬಿಡುಗಡೆ ಮಾಡಿಬಿಡೋಣ. ಗುಲಾಬಿ ಹೂವು, ಕೆಳಗೆ ಶುಭೋದಯ ಅಂತ ಬರೆದ ಒಂದು ಫೋಟೋ ವಾಟ್ಸಾಪಿನಲ್ಲಿ ಸುಮಾರು 150 ಕೆಬಿ ಇರುತ್ತದೆ. ದಿನಕ್ಕೆ ಅಂಥವು ನೂರು ಬಂದರೂ 15 ಎಂಬಿ. ಒಂದೂವರೆ ಜಿಬಿ ಅಂದರೆ 1500 ಎಂಬಿ. ನೂರರಲ್ಲಿ ಒಂದು ಪಾಲು ಆಯಿತು, ಅಷ್ಟೇ. ಬರೆದ ಮೆಸೇಜಿಗಂತೂ ಲೆಕ್ಕವೇ ಇಲ್ಲ, ಒಂದೊಂದು ಕೆಲವೇ ಕೆಬಿ. ಗ್ರೂಪಿನಲ್ಲಿ ಬರುವ ಸಣ್ಣ ವಿಡಿಯೋಗಳು ಒಂದೊಂದು ಐದರಿಂದ ಹತ್ತು ಎಂಬಿ ತಿನ್ನುತ್ತವೆ. ಹತ್ತು ಬಂದರೆ ನೂರು ಎಂಬಿ. ಅದೂ ನಿಮ್ಮ ಪ್ಯಾಕ್ ಮುಗಿಸುವ ಆಳಲ್ಲ.

ಈಗ ಮಾವನವರ ಕಡೆ ಬರೋಣ. ಯೂಟ್ಯೂಬಿನಲ್ಲಿ 720 ಅನ್ನುವ ಗುಣಮಟ್ಟದಲ್ಲಿ ಒಂದು ಗಂಟೆ ನೋಡಿದರೆ ಮುಕ್ಕಾಲು ಜಿಬಿಯ ಆಸುಪಾಸು ಹೋಗುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಎರಡು ಗಂಟೆಗೆ ದಿನದ ಪ್ಯಾಕ್ ಮುಗಿಯಿತು. ಯಕ್ಷಗಾನ ಎರಡು ಗಂಟೆಗೆ ಮುಗಿಯುತ್ತದಾ? ಒಂದು ಪ್ರಸಂಗದ ಒಡ್ಡೋಲಗಕ್ಕೇ ಅರ್ಧ ಗಂಟೆ ಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಯೂಟ್ಯೂಬ್ 'ಆಟೋ'ದಲ್ಲಿದ್ದರೆ ನೆಟ್ ನೋಡಿಕೊಂಡು ತಾನೇ ಗುಣಮಟ್ಟ ಏರಿಸುತ್ತದೆ, ಇಳಿಸುತ್ತದೆ. ಸಂಜೆ ಏಳರಿಂದ ಹತ್ತರವರೆಗೆ ಊರಿನವರೆಲ್ಲ ಒಂದೇ ಟವರಿಗೆ ಬಿದ್ದಿರುತ್ತಾರೆ, ಆಗ ಚಿತ್ರ ಮಸುಕು. ಹತ್ತೂವರೆ ಮೇಲೆ ಊರು ಮಲಗುತ್ತದೆ. ಟವರ್ ಖಾಲಿ. ಜಗಲಿ ಮೂಲೆಯ ಎರಡು ಕಡ್ಡಿಯಲ್ಲೇ ನೆಟ್ ಓಡತೊಡಗುತ್ತದೆ, ಯೂಟ್ಯೂಬ್ ಸದ್ದಿಲ್ಲದೆ 720ಕ್ಕೋ ಇನ್ನೂ ಮೇಲಕ್ಕೋ ಏರುತ್ತದೆ. ಮಾವನವರಿಗೆ ಖುಷಿ, ವೇಷ ಚೆನ್ನಾಗಿ ಕಾಣುತ್ತಿದೆ. ರಾತ್ರಿ ಹನ್ನೆರಡಕ್ಕೆ ಹೊಸ ದಿನದ ಪ್ಯಾಕ್ ಶುರು. ಒಂದೂವರೆಗೆ ಅವರು ಫೋನ್ ಮಡಗುವಾಗ ಬೆಳಗಾಗುವ ಮೊದಲೇ ಮರುದಿನದ ಅನ್ನ ಅರ್ಧಕ್ಕಿಂತ ಹೆಚ್ಚು ಉಂಡಾಗಿರುತ್ತದೆ. ಬೆಳಿಗ್ಗೆ ತಿಂಡಿ ಹೊತ್ತಿಗೆ ಉಳಿದದ್ದೂ ಮುಗಿದು, 'ಒಂಚೂರು ಹಾಟ್‌ಸ್ಪಾಟ್ ಕೊಡು' ಅಂತ ನಿಮ್ಮ ಹತ್ತಿರ ಬರುತ್ತಾರೆ.

ನಿಮ್ಮ ಡೇಟಾ ಹೋಗುತ್ತಿರುವುದು ಅಲ್ಲೇ. ಹಾಟ್‌ಸ್ಪಾಟ್ ಕೊಟ್ಟಾಗ ತೆಗೆದುಕೊಳ್ಳುವ ಫೋನಿಗೆ ಅದು ಇನ್ನೊಬ್ಬರ ಪ್ಯಾಕ್ ಅಂತ ಎಷ್ಟೋ ಸಲ ಗೊತ್ತಿರುವುದಿಲ್ಲ. ಎಷ್ಟೋ ಆಪ್‌ಗಳಿಗೆ ಅದೂ ವೈಫೈಯೇ. 'ಓಹೋ, ವೈಫೈ ಬಂತು' ಅಂತ ಕಾಯುತ್ತಿದ್ದ ಕೆಲಸಗಳೆಲ್ಲ ಒಟ್ಟಿಗೇ ಶುರು. ಫೋಟೋ ಬ್ಯಾಕಪ್, ಆಪ್ ಅಪ್‌ಡೇಟ್, ವಾಟ್ಸಾಪಿನಲ್ಲಿ ಮೂರು ದಿನದಿಂದ ಬಾಕಿ ಇದ್ದ ವಿಡಿಯೋಗಳ ಡೌನ್‌ಲೋಡ್. ಮಾವನವರು ಹತ್ತು ನಿಮಿಷ ವಾರ್ತೆ ನೋಡಿ ಎದ್ದು ತೋಟಕ್ಕೆ ಹೋಗಿರುತ್ತಾರೆ. ಅವರ ಫೋನ್ ಚಾರ್ಜಿಗೆ ಹಾಕಿದಲ್ಲೇ ಕೂತು ನಿಮ್ಮ ಡೇಟಾ ತಿನ್ನುತ್ತಲೇ ಇರುತ್ತದೆ.

ನಂಬಿಕೆ ಬರದಿದ್ದರೆ ನಿಮ್ಮ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಡೇಟಾ ಯೂಸೇಜ್ ಅಂತ ಇರುತ್ತದೆ, ತೆಗೆದು ನೋಡಿ. ಯಾವ ಆಪ್ ಎಷ್ಟು ತಿಂದಿದೆ ಅಂತ ಮೇಲಿಂದ ಕೆಳಗೆ ಪಟ್ಟಿ ಬರುತ್ತದೆ. ಹಾಟ್‌ಸ್ಪಾಟ್ ಅಥವಾ ಟೆದರಿಂಗ್ ಅಂತ ಒಂದು ಸಾಲು ಬೇರೆಯೇ ಇರುತ್ತದೆ. ನಿಮ್ಮಲ್ಲಿ ಅದೇ ಮೊದಲ ಸಾಲಿನಲ್ಲಿ ಇರುತ್ತದೆ ಅಂತ ನನ್ನ ಅಂದಾಜು. ಮದ್ದು ಸುಲಭ. ಮಾವನವರ ಫೋನಿನಲ್ಲಿ ನಿಮ್ಮ ಹಾಟ್‌ಸ್ಪಾಟ್ ಹೆಸರನ್ನು ಒತ್ತಿ, ಒಳಗೆ 'ಮೀಟರ್ಡ್' ಅನ್ನುವ ಆಯ್ಕೆ ಸಿಕ್ಕಿದರೆ ಹಾಕಿಬಿಡಿ. ಆಗ ಆ ಫೋನ್ ಸ್ವಲ್ಪ ಕೈ ಹಿಡಿದು ಖರ್ಚು ಮಾಡುತ್ತದೆ. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ಸ್ಟೋರೇಜ್ ಮತ್ತು ಡೇಟಾ ಅಂತ ಇದೆ. ಅಲ್ಲಿ ಆಟೋ ಡೌನ್‌ಲೋಡ್‌ನಿಂದ ವಿಡಿಯೋ ತೆಗೆಯಿರಿ. ಮೊಬೈಲ್ ಡೇಟಾ, ವೈಫೈ ಎರಡರಲ್ಲೂ ತೆಗೆಯಿರಿ. ಫೋಟೋ ಇರಲಿ ಬಿಡಿ, ಅತ್ತೆಯವರಿಗೆ ಬೇಸರ ಆಗಬಾರದು.

ಯೂಟ್ಯೂಬಿನಲ್ಲಿ 'ಡೇಟಾ ಸೇವರ್' ಹಾಕಿ. ಯಕ್ಷಗಾನಕ್ಕೆ 360 ಇಟ್ಟರೂ ಆರಿಂಚಿನ ಪರದೆಯಲ್ಲಿ ಮುಖವರ್ಣಿಕೆ ಕಾಣುತ್ತದೆ. ತಾಳಮದ್ದಳೆಗೆ 144 ಸಾಕೇ ಸಾಕು. ಅದರಲ್ಲಿ ನೋಡುವುದೇನಿದೆ? ಪಂಚೆ ಉಟ್ಟವರು ಸಾಲಾಗಿ ಕೂತಿರುತ್ತಾರೆ, ಮಾತೇ ಎಲ್ಲ. 144ರಲ್ಲಿ ಗಂಟೆಗೆ ನೂರು ಎಂಬಿ ಒಳಗೇ ಆಗುತ್ತದೆ. ರಾತ್ರಿಯಿಡೀ ಕೇಳಿದರೂ ಪ್ಯಾಕ್ ಉಳಿಯುತ್ತದೆ. ಮಗಳ ರೀಲ್ಸ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಒಂದು ನೋಡುವಾಗ ಮುಂದಿನದು ಹಿಂದೆ ಇಳಿದು ಕಾಯುತ್ತಿರುತ್ತದೆ, ನೋಡದೆ ತಳ್ಳಿದ್ದಕ್ಕೂ ಡೇಟಾ ಹೋಗುತ್ತದೆ. ಇನ್‌ಸ್ಟಾಗ್ರಾಮಿನಲ್ಲೂ ಡೇಟಾ ಸೇವರ್ ಇದೆ. ಅವಳಿಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಹಾಕಿಕೊಳ್ಳುತ್ತಾಳೆ. ನಾಲ್ಕೂ ಫೋನಿನ ಸೆಟ್ಟಿಂಗ್ ಕೆಲಸ ಅವಳಿಗೇ ವಹಿಸಿ.

ಇನ್ನೊಂದು ಮಾತು. ಡೇಟಾ ಮುಗೀತು ಅಂತ ಮೆಸೇಜ್ ಬಂದ ಕೂಡಲೇ ಯಾರೂ ಗಾಬರಿ ಬೀಳಬೇಕಿಲ್ಲ. ಹೆಚ್ಚಿನ ದಿನದ ಪ್ಯಾಕ್‌ಗಳಲ್ಲಿ ನೆಟ್ ಪೂರ್ತಿ ನಿಲ್ಲುವುದಿಲ್ಲ, 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ ಸೆಕೆಂಡಿಗೆ 8 ಕೆಬಿ. ವಿಡಿಯೋ ಆಗುವುದಿಲ್ಲ. ಬರೆದ ಮೆಸೇಜ್ ಹೋಗುತ್ತದೆ, ಅಡಿಕೆ ರೇಟು ಬರುತ್ತದೆ, ಗುಡ್‌ಮಾರ್ನಿಂಗ್ ಫೋಟೋ ಕೂಡ ಇಪ್ಪತ್ತು ಸೆಕೆಂಡಿನಲ್ಲಿ ಬರುತ್ತದೆ. ನೀವು ಹೇಳಿದ ನಿಮ್ಮ ಬಳಕೆಗೆ ಅಷ್ಟೇ ಸಾಕು. ಹಾಟ್‌ಸ್ಪಾಟ್ ಕೇಳಿದಾಗ 'ನನ್ನದೂ ಮುಗಿದಿದೆ' ಅನ್ನುವುದಕ್ಕೆ ಒಂದು ನೆಪವೂ ಸಿಕ್ಕಿತು.

ಈಗ ರೇಂಜ್ ವಿಷಯ. ನಾನು ಶಿವಮೊಗ್ಗದಲ್ಲಿದ್ದುಕೊಂಡು ಇಪ್ಪತ್ತು ವರ್ಷ ಟವರ್ ಮತ್ತು ಕೇಬಲ್ ಕೆಲಸ ಮಾಡಿದವನು. ಆಗುಂಬೆ, ಹೊಸನಗರ, ನಿಟ್ಟೂರು, ಸಾಗರದ ಹಿನ್ನೀರಿನ ಕಡೆ ಹತ್ತದ ಗುಡ್ಡ ಕಡಿಮೆ. ಮಲೆನಾಡಿನ ತೊಂದರೆ ಏನೆಂದರೆ ನಮ್ಮ ಮನೆಗಳು ಇರುವುದೇ ತಗ್ಗಿನಲ್ಲಿ. ನೀರು ಇದ್ದಲ್ಲಿ ತೋಟ, ತೋಟ ಇದ್ದಲ್ಲಿ ಮನೆ. ಟವರ್ ಇರುವುದು ರಸ್ತೆ ಬದಿಯ ದಿಬ್ಬದ ಮೇಲೆ. ನಡುವೆ ಗುಡ್ಡ, ಗುಡ್ಡದ ತುಂಬ ಕಾಡು. ಫೋನಿನ ಅಲೆಗಳು ಹೆಚ್ಚುಕಮ್ಮಿ ನೆಟ್ಟಗೇ ಹೋಗುವಂಥವು. ಗುಡ್ಡದ ಹಿಂದೆ ನೆರಳು ಬೀಳುತ್ತದಲ್ಲ, ಹಾಗೆ ಇದಕ್ಕೂ ನೆರಳು. ಅದಕ್ಕೇ ಹಿನ್ನೀರಿನ ದಡದವರಿಗೆ ಎಷ್ಟೋ ಸಲ ಹಿಂದಿನ ಗುಡ್ಡದ ಟವರ್ ಸಿಗುವುದಿಲ್ಲ, ನೀರಿನ ಆಚೆ ದಡದ ಟವರ್ ಸಿಗುತ್ತದೆ. ನೀರಿನ ಮೇಲೆ ಅಡ್ಡ ಏನೂ ಇಲ್ಲ ನೋಡಿ.

ಎಲ್ಲ ಅಲೆಯೂ ಒಂದೇ ಅಲ್ಲ. 700, 850, 900 ಮೆಗಾಹರ್ಟ್ಸ್‌ನವು ಸ್ವಲ್ಪ ಬಾಗುತ್ತವೆ, ಗೋಡೆ ದಾಟುತ್ತವೆ, ದೂರ ಹೋಗುತ್ತವೆ. 2300ರದ್ದು ಪೇಟೆಗೆ ಒಳ್ಳೆಯದು, ಡೇಟಾ ಜಾಸ್ತಿ ಹೊರುತ್ತದೆ. ನಿಮ್ಮ ತೋಟದ ತನಕ ಬರುವುದರೊಳಗೆ ಸುಸ್ತಾಗುತ್ತದೆ. 5ಜಿಯ 3500 ಇನ್ನೂ ಅಲ್ಪಾಯು. ನಿಮ್ಮದು 5ಜಿ ಫೋನ್ ಆಗಿದ್ದರೆ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ 4ಜಿಗೆ ನಿಲ್ಲಿಸಿ. ಇಲ್ಲದ 5ಜಿಯನ್ನು ಹುಡುಕಿ ಹುಡುಕಿ ಬ್ಯಾಟರಿ ಇಳಿಯುತ್ತದೆ. ರೇಂಜ್ ಕಡಿಮೆ ಇದ್ದಲ್ಲಿ ಬ್ಯಾಟರಿ ಬೇಗ ಹೋಗುವುದಕ್ಕೂ ಕಾರಣ ಇಂಥದ್ದೇ. ದೂರದ ಟವರಿಗೆ ಕೇಳಲಿ ಅಂತ ಫೋನ್ ಗಂಟಲು ಹರಿದುಕೊಂಡು ಕೂಗುತ್ತಿರುತ್ತದೆ.

ದುಡ್ಡು ಖರ್ಚು ಮಾಡುವ ಮೊದಲು ಅಳತೆ ಮಾಡಿ. ಕಡ್ಡಿ ನೋಡಬೇಡಿ, ಕಡ್ಡಿ ಒಂದೊಂದು ಫೋನಿನಲ್ಲಿ ಒಂದೊಂದು ಥರ. ಸೆಟ್ಟಿಂಗ್ಸಿನ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಅಂತ ಇರುತ್ತದೆ. ಅಲ್ಲಿ ಸಿಗ್ನಲ್ ಎದುರು ಮೈನಸ್ ಗುರುತಿನ ಒಂದು ಸಂಖ್ಯೆ, ಮುಂದೆ ಡಿಬಿಎಂ ಅಂತ, ಅದು ಸಿಗ್ನಲ್ ಶಕ್ತಿಯ ಅಳತೆ. 4ಜಿಯಲ್ಲಿ ಮೈನಸ್ 90 ಇದ್ದರೆ ಚೆನ್ನಾಗಿದೆ. ಮೈನಸ್ 105 ಆದರೆ ಹೇಗೋ ನಡೆಯುತ್ತದೆ. 115 ದಾಟಿದರೆ ಕಾಲ್ ಕಟ್ ಆಗತೊಡಗುತ್ತದೆ. ಮೈನಸ್ 90 ಇದ್ದದ್ದು ಮೈನಸ್ 100 ಆದ ಹಾಗೆ ಹತ್ತು ಅಂಕ ಇಳಿದರೆ ಶಕ್ತಿ ಹತ್ತನೇ ಒಂದು ಭಾಗ ಆಯಿತು ಅಂತ ಲೆಕ್ಕ. ಜಗಲಿ, ಅಡುಗೆಮನೆ, ಅಟ್ಟ, ಕೊಟ್ಟಿಗೆ, ದಣಪೆ ಎಲ್ಲ ಕಡೆ ನಿಂತು ಬರೆದಿಟ್ಟುಕೊಳ್ಳಿ. ಒಂದೊಂದು ಕಡೆ ಅರ್ಧ ನಿಮಿಷ ನಿಲ್ಲಬೇಕು, ಸಂಖ್ಯೆ ತಡವಾಗಿ ಬದಲಾಗುತ್ತದೆ. ಅಟ್ಟದಲ್ಲಿ ಜಗಲಿಗಿಂತ ಹತ್ತು ಅಂಕ ಚೆನ್ನಾಗಿರುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಈ ಅಳತೆಯಿಂದ ಒಂದು ಜಗಳ ಬಗೆಹರಿದ ಕತೆ ಇದೆ. ರಿಪ್ಪನ್‌ಪೇಟೆ ಕಡೆಯ ಒಂದು ಮನೆಯವರು 'ಟವರಿನ ಶಕ್ತಿ ಇಳಿಸಿದ್ದೀರಿ' ಅಂತ ಮೂರು ಸಲ ದೂರು ಕೊಟ್ಟರು. ಹೋಗಿ ನೋಡಿದರೆ ಅಂಗಳದಲ್ಲಿ ಮೈನಸ್ 117. ನಾಲ್ಕೇ ಹೆಜ್ಜೆ ಆಚೆ, ಬಾವಿಕಟ್ಟೆ ಹತ್ತಿರ ಮೈನಸ್ 98. ತಲೆ ಎತ್ತಿ ನೋಡಿದೆ. ಅಡಿಕೆ ಒಣಗಿಸಲಿಕ್ಕೆ ಅಂತ ಅಂಗಳದ ತುಂಬ ಹೊಸದಾಗಿ ತಗಡಿನ ಶೀಟ್ ಹಾಕಿಸಿದ್ದರು, ಜಗಲಿ ಮಾಡಿನ ಮೇಲೂ ಎಳೆದಿದ್ದರು. ಹಂಚನ್ನು ಅಲೆ ದಾಟುತ್ತದೆ, ತಗಡನ್ನು ದಾಟುವುದಿಲ್ಲ. ಯಜಮಾನರು ಶೀಟ್ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ 'ಕಾಪಿ ಕುಡೀರಿ' ಅಂದರು. ದೂರು ಅಲ್ಲಿಗೆ ಮುಗಿಯಿತು. ನಿಮ್ಮ ಅಂಗಳಕ್ಕೆ ಶೀಟ್ ಇದೆಯಾ ಅಂತ ನೀವು ಬರೆದಿಲ್ಲ.

ಬೂಸ್ಟರ್ ಬೇಡ. ಆನ್‌ಲೈನಿನಲ್ಲಿ ಸಿಗುತ್ತದೆ, ನಿಜ. ಆದರೆ ಅನುಮತಿ ಇಲ್ಲದೆ ಅದನ್ನು ಮನೆಯಲ್ಲಿ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ಅದು ಬರೀ ಪುಸ್ತಕದ ಕಾನೂನಲ್ಲ. ಅಗ್ಗದ ಬೂಸ್ಟರ್ ನಿಮ್ಮ ದನಿಯ ಜೊತೆ ಗದ್ದಲವನ್ನೂ ದೊಡ್ಡದು ಮಾಡಿ ಟವರ್ ಕಡೆ ಎಸೆಯುತ್ತದೆ. ಟವರಿಗೆ ಕಿವಿ ಮುಚ್ಚಿದ ಹಾಗಾಗಿ ಸುತ್ತಲಿನ ಮನೆಗಳ ಕಾಲ್ ಕಟ್ ಆಗುತ್ತದೆ. ಒಂದು ಊರಿನ ಇಂಥ ದೂರಿನ ಬೆನ್ನು ಹತ್ತಿ ನಾವು ಎರಡು ದಿನ ಅಲೆದು, ಕೊನೆಗೆ ಒಂದು ಹೋಂಸ್ಟೇ ಮಾಡಿನ ಮೇಲೆ ಅದನ್ನು ಹಿಡಿದೆವು.

ಸಿಮ್ ಬದಲಿಸುವುದು ಬೂಸ್ಟರ್‌ಗಿಂತ ಒಳ್ಳೆಯ ದಾರಿ. ಮೊದಲು ಒಂದು ಪರೀಕ್ಷೆ ಮಾಡಿ. ಒಳಗೆ ನೆಟ್‌ವರ್ಕ್ ಹೋದಾಗ ಫೋನಿನ ಮೇಲೆ 'ಎಮರ್ಜೆನ್ಸಿ ಕಾಲ್ಸ್ ಓನ್ಲಿ' ಅಂತ ಬರುತ್ತದಾ, 'ನೋ ಸರ್ವೀಸ್' ಅಂತ ಬರುತ್ತದಾ ಗಮನಿಸಿ. ಮೊದಲನೆಯದು ಬಂದರೆ ಸಾಮಾನ್ಯವಾಗಿ ಬೇರೆ ಕಂಪನಿಯ ಟವರ್ ಅಲ್ಲಿಗೆ ಮುಟ್ಟುತ್ತಿದೆ ಅಂತ ಅರ್ಥ. ಆ ಹೊತ್ತಿನಲ್ಲಿ 112ಕ್ಕೆ ಕಾಲ್ ಹೋಗುತ್ತದೆ, ಇದು ಮನೆಯವರಿಗೆಲ್ಲ ಗೊತ್ತಿರಲಿ. ಆ ಕಂಪನಿ ಯಾವುದು ಅಂತ ಪಕ್ಕದ ಮನೆಯವರ, ನೆಂಟರ ಫೋನಿನಿಂದ ತಿಳಿದುಕೊಳ್ಳಿ. ಅಡಿಕೆ ಕೊನೆ ಕೊಯ್ಲಿಗೆ ಬರುವವರನ್ನು ಕೇಳಿದರೆ ಇನ್ನೂ ಒಳ್ಳೆಯದು. ಹತ್ತು ತೋಟ ತಿರುಗುವ ಅವರಿಗೆ ಯಾವ ಗುಡ್ಡದಲ್ಲಿ ಯಾವ ಸಿಮ್ ಅಂತ ಬಾಯಿಪಾಠ. ಆಮೇಲೆ ನಾಲ್ಕೂ ಬದಲಿಸಬೇಡಿ, ಒಂದನ್ನು ಮಾತ್ರ ಬದಲಿಸಿ. ನಂಬರ್ ಅದೇ ಉಳಿಯುತ್ತದೆ, 2011ರಿಂದ ದೇಶದಾದ್ಯಂತ ಆ ಸೌಲಭ್ಯ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಿದರೆ ಕೋಡ್ ಬರುತ್ತದೆ. ಅದನ್ನು ಹೊಸ ಕಂಪನಿಯ ಅಂಗಡಿಯಲ್ಲಿ ಕೊಟ್ಟರಾಯಿತು. ಮನೆಯಲ್ಲಿ ಎರಡು ಕಂಪನಿ ಸಿಮ್ ಇರುವುದು ಮಳೆಗಾಲಕ್ಕೂ ಒಳ್ಳೆಯದು.

ಮಳೆ ಅಂದೆ ಅಲ್ವಾ. ಮಳೆ ಹನಿ ರೇಂಜ್ ತಿನ್ನುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಫೋನಿನ ಅಲೆಗೆ ಮಳೆ ಹನಿ ಅಷ್ಟೇನೂ ಲೆಕ್ಕಕ್ಕಿಲ್ಲ. ಒದ್ದೆ ಎಲೆ ಸ್ವಲ್ಪ ತಿನ್ನುತ್ತದೆ, ಕಾಡು ದಾಟಿ ಬರುವ ಸಿಗ್ನಲ್ ಮಳೆಗಾಲದಲ್ಲಿ ಒಂದಿಷ್ಟು ಇಳಿಯುವುದು ಅದಕ್ಕೇ. ದೊಡ್ಡ ಕಾರಣ ಬೇರೆ. ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಕೆಲವು ಗಂಟೆ ತಡೆಯುತ್ತದೆ, ಆಮೇಲೆ ಡೀಸೆಲ್ ತರುವವರು ಬರಬೇಕು. ಅಥವಾ ಅದೇ ಮರ ಕೇಬಲ್ ಮೇಲೂ ಬಿದ್ದಿರುತ್ತದೆ. ಕೆಲವು ಟವರಿಗೆ ಕೇಬಲ್ ಇಲ್ಲ, ಡಬ್ಬದಂಥ ಡಿಶ್ ಇಟ್ಟು ಗುಡ್ಡದಿಂದ ಗುಡ್ಡಕ್ಕೆ ಮೈಕ್ರೋವೇವ್‌ನಲ್ಲಿ ದಾಟಿಸಿರುತ್ತಾರೆ. ಆ ಅಲೆಗೆ ಮಾತ್ರ ಜಡಿಮಳೆ ನಿಜವಾಗಿ ಅಡ್ಡ ಬರುತ್ತದೆ. ಯಾವುದು ಅಂತ ಮನೆಯಲ್ಲೇ ತಿಳಿಯಬಹುದು. ಕಡ್ಡಿ ಪೂರ್ತಿ ಮಾಯವಾದರೆ ಟವರ್ ಮಲಗಿದೆ. ಕಡ್ಡಿ ಇದೆ, ನೆಟ್ ಮಾತ್ರ ಓಡುವುದಿಲ್ಲ ಅಂದರೆ ಟವರಿನ ಹಿಂದಿನ ದಾರಿ ಕಡಿದಿದೆ. ದೂರು ಕೊಡುವಾಗ ಇದನ್ನು ಹೇಳಿದರೆ ಕೇಳುವವರು ನೆಟ್ಟಗೆ ಕೂರುತ್ತಾರೆ.

ನನ್ನನ್ನು ಕೇಳಿದರೆ ವೈಫೈ ಹಾಕಿಸಿ. ನಿಮ್ಮ ಕಡೆ ಬಿಎಸ್‌ಎನ್‌ಎಲ್‌ನವರದ್ದೋ ಊರಿನ ಕೇಬಲ್‌ನವರದ್ದೋ ಫೈಬರ್ ಬಂದಿದೆಯಾ ವಿಚಾರಿಸಿ. ಸಣ್ಣ ಪ್ಲಾನ್ ತಿಂಗಳಿಗೆ ಐನೂರರ ಆಸುಪಾಸು. ನಾಲ್ಕು ಜನ ಹೇಗೆ ನೋಡಿದರೂ ಮುಗಿಯದಷ್ಟು ಡೇಟಾ ಕೊಡುತ್ತಾರೆ. ಅದಕ್ಕಿಂತ ದೊಡ್ಡ ಲಾಭ ವೈಫೈ ಕಾಲಿಂಗ್. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ಸೆಟ್ಟಿಂಗ್ಸಿನಲ್ಲಿ ಸಿಮ್ ಭಾಗದಲ್ಲಿ ವೈಫೈ ಕಾಲಿಂಗ್ ಅಂತ ಒಂದು ಗುಂಡಿ ಇರುತ್ತದೆ, ಒತ್ತಿದರೆ ಆಯಿತು. ರೇಂಜ್ ಸೊನ್ನೆ ಇದ್ದರೂ ನಿಮ್ಮದೇ ನಂಬರಿನಿಂದ ಅಡುಗೆಮನೆಯಲ್ಲಿ ನಿಂತು ಮಾಮೂಲಿ ಕಾಲ್ ಮಾಡಬಹುದು. ಎಷ್ಟೋ ಫೋನುಗಳಲ್ಲಿ ಬ್ಯಾಂಕಿನ ಓಟಿಪಿ ಕೂಡ ಬರುತ್ತದೆ. ಓಟಿಪಿಗಾಗಿ ಕೊಡೆ ಹಿಡಿದು ದಣಪೆಗೆ ಓಡಿ, ವಾಪಸ್ ಬರುವಷ್ಟರಲ್ಲಿ ಸಮಯ ಮುಗಿದ ಅನುಭವ ನಿಮಗೂ ಇರಬೇಕು. ಈ ಗುಂಡಿ ತಮ್ಮ ಫೋನಿನಲ್ಲೇ ಇದೆ ಅಂತ ಗೊತ್ತಿಲ್ಲದ ವೈಫೈ ಮನೆಗಳು ಇನ್ನೂ ಇವೆ, ಅದೇ ನನಗೆ ಹೊಟ್ಟೆ ಉರಿ.

ಫೈಬರ್ ಬಂದ ಮೇಲೆ ಅತ್ತೆ ಮಾವನ ಫೋನಿಗೆ ಡೇಟಾ ಪ್ಯಾಕ್ ಬೇಕಾ ಯೋಚಿಸಿ. ಹೆಚ್ಚು ಹೊತ್ತು ಮನೆಯಲ್ಲೇ ಇರುವವರು. ಡೇಟಾ ಇಲ್ಲದ, ಬರೀ ಕಾಲ್ ಮತ್ತು ಎಸ್‌ಎಂಎಸ್‌ನ ಪ್ಯಾಕ್ ಇಡಲೇಬೇಕು ಅಂತ ಫೋನ್ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ಹೇಳಿದೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು.

ಫೈಬರ್ ಮೋಡೆಮ್ಮಿಗೂ ಕರೆಂಟ್ ಬೇಕು. ಅದಕ್ಕೆ ಅಂಗೈಯಗಲದ ಮಿನಿ ಯುಪಿಎಸ್ ಸಿಗುತ್ತದೆ, ಮೂರು ನಾಲ್ಕು ಗಂಟೆ ತಡೆಯುತ್ತದೆ. ಸಿಡಿಲಿನ ಹೊತ್ತಿಗೆ ಪ್ಲಗ್ ಕಿತ್ತುಬಿಡಿ. ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ, ಕರೆಂಟ್ ತಂತಿಯಲ್ಲಿ ಬರುತ್ತದೆ.

ಫೈಬರ್ ನಿಮ್ಮ ತೋಟದ ತನಕ ಬರುವುದಿಲ್ಲ ಅಂದರೆ ಸಿಮ್ ಹಾಕುವ 4ಜಿ ರೂಟರ್ ತನ್ನಿ, ಹೊರಗೆ ಆಂಟೆನಾ ಸಿಕ್ಕಿಸಲು ಬರುವಂಥದ್ದು. ಇದು ಬೂಸ್ಟರ್ ಅಲ್ಲ, ಫೋನಿನ ಹಾಗೆಯೇ ಒಂದು ಗ್ರಾಹಕ. ಇದಕ್ಕೆ ಅಡ್ಡಿಯಿಲ್ಲ. ಅಳತೆಯಲ್ಲಿ ಅಟ್ಟ ಗೆದ್ದರೆ ಅಲ್ಲೇ ಇಡಿ. ಇಲ್ಲದಿದ್ದರೆ ಮಾಡಿನ ಪಕ್ಕ ಕಂಬ ನೆಟ್ಟು ಆಂಟೆನಾವನ್ನು ಟವರ್ ಕಡೆ ತಿರುಗಿಸಬೇಕು. ಮಾವನವರಿಗೆ ಈ ಕೆಲಸ ಚೆನ್ನಾಗಿ ಗೊತ್ತಿರುತ್ತದೆ. ದೂರದರ್ಶನದ ಕಾಲದಲ್ಲಿ ಒಬ್ಬರು ಮಾಡು ಹತ್ತಿ ಆಂಟೆನಾ ತಿರುಗಿಸುತ್ತಾ 'ಬಂತಾ?' ಅನ್ನುವುದು, ಒಳಗಿನಿಂದ 'ಬಂತು, ಬಂತು... ಹೋಯ್ತು' ಅನ್ನುವುದು. ಅದೇ ಕೆಲಸ. ಈಗ ಒಳಗಿನವರು ಡಿಬಿಎಂ ಓದಿ ಹೇಳಬೇಕು ಅಷ್ಟೇ.

ಅಲ್ಲಿಯ ತನಕ ವಾಯ್ಸ್ ಮೆಸೇಜ್ ರೂಢಿ ಮಾಡಿಸಿ. ನಮ್ಮ ಊರುಗಳಿಗೆ ಹೇಳಿ ಮಾಡಿಸಿದ್ದು ಅದು. ಅಡುಗೆಮನೆಯಲ್ಲಿ ಮಾತಾಡಿ ಬಿಟ್ಟರೆ ಪಕ್ಕದಲ್ಲಿ ಪುಟ್ಟ ಗಡಿಯಾರದ ಗುರುತು ಬರುತ್ತದೆ, ಅಂದರೆ ಫೋನಿನಲ್ಲೇ ಕಾಯುತ್ತಿದೆ. ಜಗಲಿಗೆ ಬಂದಾಗ ತಾನೇ ಹೋಗಿ ಒಂದು ಟಿಕ್ ಆಗುತ್ತದೆ. ಆ ಕಡೆಯವರ ಫೋನಿಗೆ ಮುಟ್ಟಿದರೆ ಎರಡು. ಒಂದು ನಿಮಿಷದ ಮಾತಿನ ತೂಕ ಹೆಚ್ಚುಕಮ್ಮಿ ಒಂದು ಫೋಟೋದಷ್ಟೇ. ಕನ್ನಡ ಟೈಪ್ ಮಾಡಲು ಪರದಾಡುವ ಹಿರಿಯರಿಗಂತೂ ವರ. ಬೆಂಗಳೂರಿನ ನೆಂಟರಿಗೆ ಟಿಕ್ಕಿನ ಅರ್ಥ ನೀವೇ ತಿಳಿಸಿಬಿಡಿ. ಒಂದೇ ಟಿಕ್ ನೋಡಿ 'ನಮ್ಮನ್ನು ಬ್ಲಾಕ್ ಮಾಡಿದಾರೆ' ಅಂತ ಮುನಿಸಿಕೊಂಡು ಗೃಹಪ್ರವೇಶಕ್ಕೆ ಬಾರದ ಒಂದು ಕುಟುಂಬ ನಮ್ಮಲ್ಲೇ ಇದೆ. ಪಾಪ, ಗೃಹಪ್ರವೇಶದ ಮನೆಯವರ ಫೋನ್ ಮೂರು ದಿನ ರೇಂಜ್ ಇಲ್ಲದೆ ಕಪಾಟಿನಲ್ಲಿತ್ತು.

ಅತ್ತೆಯವರಿಗೆ ಒಂದೇ ಒಂದು ಎಚ್ಚರಿಕೆ ಹೇಳಿ. ಮದುವೆ ಕರೆಯೋಲೆ ಈಗ ವಾಟ್ಸಾಪಿನಲ್ಲೇ ಬರುತ್ತದೆ. ಫೋಟೋ, ವಿಡಿಯೋ, ಪಿಡಿಎಫ್ ಆಗಿ ಬಂದರೆ ಸರಿ. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇಂಗ್ಲಿಷಿನ ಮೂರು ಅಕ್ಷರ ಇದ್ದರೆ ಅದು ಕರೆಯೋಲೆ ಅಲ್ಲ, ಫೋನಿನೊಳಗೆ ಕೂತು ಓಟಿಪಿ ಕದಿಯುವ ಆಪ್ ಇರಬಹುದು. ಗುರುತಿನವರ ನಂಬರಿನಿಂದ ಬಂದರೂ ಮುಟ್ಟಬಾರದು, ಅವರ ಫೋನೂ ಅದೇ ಬಲೆಗೆ ಬಿದ್ದಿರಬಹುದು. ದುಡ್ಡು ಹೋಯಿತು ಅಂತ ಗೊತ್ತಾದ ಗಳಿಗೆಯೇ 1930ಕ್ಕೆ ಕಾಲ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ.

ಈ ವಾರ ಹಾಟ್‌ಸ್ಪಾಟ್ ಸೆಟ್ಟಿಂಗ್, ಯೂಟ್ಯೂಬ್ ಸೆಟ್ಟಿಂಗ್, ಡಿಬಿಎಂ ಅಳತೆ ಮೂರೂ ಮುಗಿಸಿ. ಇವಕ್ಕೆ ಒಂದು ರೂಪಾಯಿಯೂ ಬೇಡ. ಫೈಬರ್‌ನವರನ್ನು ಮಾತ್ರ ಮಳೆ ಹಿಡಿಯುವ ಮೊದಲೇ ಕರೆಸಿ, ಜೂನ್ ಆದ ಮೇಲೆ ಅವರೂ ಕಂಬ ಹತ್ತುವುದಿಲ್ಲ. ಈ ಉತ್ತರವನ್ನು ಮನೆಯಲ್ಲಿ ಜೋರಾಗಿ ಓದುವುದಾದರೆ ಅತ್ತೆಯವರ ಪಾಲು ಮೊದಲು ಓದಿ, ಮಾವನವರ 720 ವಿಷಯ ಸ್ವಲ್ಪ ಮೆತ್ತಗೆ ಹೇಳಿ.